ಸರ್ವರ್ ಕೆಟ್ಟರೂ ಕೆಲಸ ನಿಲ್ಲಬಾರದು: ಎಚ್‌ಎ ಕ್ಲಸ್ಟರ್ ಸಾಕೇ, ಎಫ್‌ಟಿ ಯಂತ್ರವೇ ಬೇಕೇ?

ಸರ್ವರ್ ಒಂದಲ್ಲ ಒಂದು ದಿನ ಕೆಡುತ್ತದೆ. ಪವರ್ ಸಪ್ಲೈ ಸುಟ್ಟುಹೋಗುತ್ತದೆ, ಮೆಮೊರಿ ಕೈಕೊಡುತ್ತದೆ, ಮದರ್‌ಬೋರ್ಡ್ ಸತ್ತುಹೋಗುತ್ತದೆ. ಅಂಥ ದಿನವೂ ಕೆಲಸ ನಡೆಯಬೇಕು ಅಂದರೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಹೈ ಅವೈಲಬಿಲಿಟಿ. ಚಿಕ್ಕದಾಗಿ ಎಚ್‌ಎ ಅನ್ನುತ್ತಾರೆ. ಇಲ್ಲಿ ಯಂತ್ರಗಳು ಸಾಮಾನ್ಯವಾದವೇ. ಎರಡೋ ಮೂರೋ ಸರ್ವರ್‌ಗಳ ಗುಂಪು (ಕ್ಲಸ್ಟರ್) ಕಟ್ಟಿ, ಒಂದು ಬಿದ್ದರೆ ಇನ್ನೊಂದು ಅದರ ಕೆಲಸ ಎತ್ತಿಕೊಳ್ಳುವ ಹಾಗೆ ಸಾಫ್ಟ್‌ವೇರ್‌ನಲ್ಲಿ ಏರ್ಪಾಡು ಮಾಡುತ್ತೇವೆ. ಎರಡನೆಯದು ಫಾಲ್ಟ್ ಟಾಲರೆಂಟ್ ಹಾರ್ಡ್‌ವೇರ್, ಅಂದರೆ ಎಫ್‌ಟಿ. ಹೊರಗಿನಿಂದ ನೋಡಿದರೆ ಒಂದೇ ಸರ್ವರ್. ಒಳಗೆ ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲವೂ ಜೋಡಿ ಜೋಡಿ. ಒಂದು ಭಾಗ ಸತ್ತರೂ ಮೇಲೆ ಓಡುತ್ತಿರುವ ಅಪ್ಲಿಕೇಶನ್‌ಗೆ ಅದು ಗೊತ್ತೇ ಆಗುವುದಿಲ್ಲ.

ಇವೆರಡರಲ್ಲಿ ಯಾವುದು ಗಟ್ಟಿ ಎಂದು ಕೇಳುವವರು ಜಾಸ್ತಿ. ಅಲ್ಲಿಂದ ಶುರು ಮಾಡಿದರೆ ಎಲ್ಲಿಗೂ ಮುಟ್ಟುವುದಿಲ್ಲ. ನಾನು ಮೊದಲು ಕೇಳುವುದು ಬೇರೆ. ನಿಮ್ಮ ಅಪ್ಲಿಕೇಶನ್ ಈಗ, ಈ ಕ್ಷಣ, ಆಫ್ ಆಗಿ ಮತ್ತೆ ಶುರುವಾದರೆ ಏನು ಕಳೆದುಹೋಗುತ್ತದೆ? ಅರ್ಧ ನಿಮಿಷದ ಕಾಯುವಿಕೆ ಮಾತ್ರವೇ? ಅಥವಾ ಮೆಮೊರಿಯಲ್ಲಿ ಮಾತ್ರ ಇದ್ದ, ಎಲ್ಲೂ ಬರೆದಿಡದ ಲೆಕ್ಕವೇ? ಈ ಉತ್ತರ ಕೈಯಲ್ಲಿದ್ದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಸೆಕೆಂಡುಗಳು ಎಲ್ಲಿ ಹೋಗುತ್ತವೆ

ಮಾರಾಟದವರು ಒಂಬತ್ತುಗಳ ಲೆಕ್ಕ ಹೇಳುತ್ತಾರೆ. 99.9% ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 46 ನಿಮಿಷ ನಿಲುಗಡೆ. 99.99% ಅಂದರೆ ಸುಮಾರು 53 ನಿಮಿಷ. 99.999% ಅಂದರೆ ಐದೂಕಾಲು ನಿಮಿಷ. ಲೆಕ್ಕ ಸರಿ, ಆದರೆ ಇದು ಮುಖ್ಯವಾದ ಒಂದು ಸಂಗತಿಯನ್ನು ಮುಚ್ಚಿಡುತ್ತದೆ. ವರ್ಷಕ್ಕೆ ಒಂದೇ ಸಲ ಐದು ನಿಮಿಷ ನಿಲ್ಲುವುದೂ, ಹದಿನೈದು ಸಲ ಇಪ್ಪತ್ತಿಪ್ಪತ್ತು ಸೆಕೆಂಡು ನಿಲ್ಲುವುದೂ ಈ ಲೆಕ್ಕದಲ್ಲಿ ಒಂದೇ. ವೆಬ್‌ಸೈಟ್ ನೋಡುವವರಿಗೆ ಇಪ್ಪತ್ತು ಸೆಕೆಂಡು ಏನೂ ಅಲ್ಲ, ಪುಟವನ್ನು ಇನ್ನೊಮ್ಮೆ ತೆರೆಯುತ್ತಾರೆ. ಕಾರ್ಖಾನೆಯಲ್ಲಿ ಕುಲುಮೆಯ ಬಿಸಿ ನೋಡಿಕೊಳ್ಳುವ ಪ್ರೋಗ್ರಾಂ ಇಪ್ಪತ್ತು ಸೆಕೆಂಡು ಕುರುಡಾದರೆ ಆ ಸರಕೆಲ್ಲ ಹಾಳಾಗಬಹುದು. ಹಾಗಾಗಿ ವರ್ಷದ ಒಟ್ಟು ಮೊತ್ತಕ್ಕಿಂತ ಒಂದೊಂದು ನಿಲುಗಡೆ ಎಷ್ಟು ಉದ್ದ, ಅಷ್ಟರಲ್ಲಿ ಏನಾಗುತ್ತದೆ ಎಂದು ನೋಡಿ.

ಎಚ್‌ಎ ಕ್ಲಸ್ಟರ್‌ನಲ್ಲಿ ಫೇಲ್‌ಓವರ್, ಅಂದರೆ ಸತ್ತ ಸರ್ವರ್‌ನ ಕೆಲಸ ಇನ್ನೊಂದಕ್ಕೆ ದಾಟುವುದು, ಒಂದೇ ಹೆಜ್ಜೆಯಲ್ಲ. ಮೊದಲು, ಆ ಸರ್ವರ್ ಸತ್ತಿದೆ ಎಂದು ಉಳಿದವಕ್ಕೆ ಗೊತ್ತಾಗಬೇಕು. ಬದುಕಿದ್ದೇನೆ ಎಂದು ಸರ್ವರ್‌ಗಳು ಒಂದಕ್ಕೊಂದು ಕಳಿಸುವ ಸಂದೇಶ, ಅಂದರೆ ಹಾರ್ಟ್‌ಬೀಟ್, ನಿಂತ ತಕ್ಷಣ ಸತ್ತಿತು ಅನ್ನುವ ಹಾಗಿಲ್ಲ, ನೆಟ್‌ವರ್ಕ್ ಸ್ವಲ್ಪ ತಡವರಿಸಿದ್ದಿರಬಹುದು. ಆಮೇಲೆ ಯಾರು ಮುಂದಾಳು ಎಂದು ತೀರ್ಮಾನವಾಗಬೇಕು. ಆಮೇಲೆ ಡಿಸ್ಕ್, ಐಪಿ ವಿಳಾಸ, ಡೇಟಾಬೇಸ್ ಎಲ್ಲ ಹೊಸ ಕಡೆಗೆ ಬರಬೇಕು. ಕೊನೆಗೆ ಬಳಕೆದಾರರ ಕಡೆಯ ಕನೆಕ್ಷನ್‌ಗಳು ಕಡಿದು ಮತ್ತೆ ಜೋಡಿಕೊಳ್ಳಬೇಕು. ಈ ಕೊನೆಯ ಹೆಜ್ಜೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಹಲವು ಅಪ್ಲಿಕೇಶನ್‌ಗಳು ಸತ್ತ ಕನೆಕ್ಷನ್ ಹಿಡಿದುಕೊಂಡು ನಿಮಿಷಗಟ್ಟಲೆ ಕಾಯುತ್ತ ಕೂರುತ್ತವೆ.

ಸುಮ್ನೆ ಒಂದು ಅಂದಾಜು ಸಿಗಲಿ ಎಂದು ಕೆಲವು ಅಂಕಿ ಕೊಡುತ್ತೇನೆ. ಕೀಪ್‌ಅಲೈವ್‌ಡಿ ಎಂಬ ಸಾಫ್ಟ್‌ವೇರ್ ಬಳಸಿ ಐಪಿ ವಿಳಾಸವನ್ನಷ್ಟೇ ಸರಿಸುವುದಾದರೆ ಮೂರು ನಾಲ್ಕು ಸೆಕೆಂಡು ಸಾಕು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಪ್ಯಾಟ್ರೋನಿ ಎಂಬ ಫೇಲ್‌ಓವರ್ ಸಾಫ್ಟ್‌ವೇರ್ ಬಳಸಿದರೆ ಮುಂದಾಳಿನ ಗುತ್ತಿಗೆ ಅವಧಿ (ಅಷ್ಟರೊಳಗೆ ನವೀಕರಿಸದಿದ್ದರೆ ಮುಂದಾಳುತನ ಹೋಗುತ್ತದೆ) ಮೊದಲೇ ಇಟ್ಟಿರುವುದು 30 ಸೆಕೆಂಡು. ಪ್ರೈಮರಿ, ಅಂದರೆ ಬರಹ ಸ್ವೀಕರಿಸುವ ಮುಖ್ಯ ಸರ್ವರ್, ಸದ್ದಿಲ್ಲದೆ ಸತ್ತರೆ ಆ ಅವಧಿ ಮುಗಿಯುವ ತನಕ ಕಾಯಬೇಕು. ಅಪ್ಲಿಕೇಶನ್‌ಗಳನ್ನು ಹಲವು ಸರ್ವರ್‌ಗಳ ಮೇಲೆ ಓಡಿಸುವ ಕುಬರ್ನೆಟೀಸ್‌ನಲ್ಲಿ ಒಂದು ನೋಡ್ (ಕ್ಲಸ್ಟರ್‌ನ ಒಂದು ಸರ್ವರ್) ಇದ್ದಕ್ಕಿದ್ದಂತೆ ಕಾಣೆಯಾದರೆ, ಅದು ಕಾಣೆಯಾಗಿದೆ ಎಂದು ಗುರುತಿಸಿದ ಮೇಲೂ ಅದರ ಪಾಡ್‌ಗಳನ್ನು (ಅಲ್ಲಿ ಓಡುತ್ತಿದ್ದ ಅಪ್ಲಿಕೇಶನ್‌ಗಳನ್ನು) ಬೇರೆಡೆಗೆ ಕಳಿಸಲು ಇನ್ನೂ 300 ಸೆಕೆಂಡು ಕಾಯುತ್ತದೆ. ಐದು ನಿಮಿಷ! ಬದಲಾಯಿಸಬಹುದು, ಆದರೆ ಬದಲಾಯಿಸಬೇಕು ಎಂದು ಗೊತ್ತಿರಬೇಕು, ಅಲ್ವಾ? ಇನ್ನು ವರ್ಚುಯಲ್ ಮೆಷಿನ್ (ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಸರ್ವರ್) ಅನ್ನು ಬೇರೆ ಹೋಸ್ಟ್‌ನಲ್ಲಿ, ಅಂದರೆ ಬೇರೆ ನಿಜವಾದ ಸರ್ವರ್‌ನಲ್ಲಿ, ಎಬ್ಬಿಸುವ ಬಗೆಯ ಎಚ್‌ಎ ಆದರೆ ಅದು ಪೂರ್ತಿ ಬೂಟ್ ಆಗಿ, ಒಳಗಿನ ಅಪ್ಲಿಕೇಶನ್ ಶುರುವಾಗಿ, ಡೇಟಾಬೇಸ್ ತನ್ನ ಲಾಗ್ ಓದಿ ಸರಿಮಾಡಿಕೊಳ್ಳುವ ತನಕ ಕಾಯಲೇಬೇಕು.

ಎಫ್‌ಟಿ ಯಂತ್ರದಲ್ಲಿ ಈ ಹೆಜ್ಜೆಗಳೇ ಇಲ್ಲ. ಅದರ ದೊಡ್ಡ ಗುಣ ಇದೇ.

ಜೋಡಿ ಪ್ರೊಸೆಸರ್ ಕೆಲಸ ಮಾಡುವ ರೀತಿ

ಲಾಕ್‌ಸ್ಟೆಪ್ ಎನ್ನುವ ತಂತ್ರದಲ್ಲಿ ಎರಡು ಪ್ರೊಸೆಸರ್‌ಗಳು ಒಂದೇ ಆದೇಶವನ್ನು ಒಂದೇ ಹೊತ್ತಿಗೆ ನಡೆಸುತ್ತವೆ. ಎರಡರ ಫಲಿತಾಂಶವನ್ನು ಹಾರ್ಡ್‌ವೇರ್ ಸದಾ ಹೋಲಿಸುತ್ತಿರುತ್ತದೆ. ಒಂದು ಕೆಟ್ಟರೆ ಅದನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಮುಂದುವರಿಯುತ್ತದೆ. ಮೆಮೊರಿಯಲ್ಲಿದ್ದದ್ದು ಹಾಗೇ ಇರುತ್ತದೆ. ಕನೆಕ್ಷನ್ ಕಡಿಯುವುದಿಲ್ಲ. ಕೆಟ್ಟ ಭಾಗವನ್ನು ಕಿತ್ತು ಹೊಸದನ್ನು ಸಿಕ್ಕಿಸಬಹುದು, ಅಷ್ಟು ಹೊತ್ತೂ ಕೆಲಸ ನಡೆಯುತ್ತಲೇ ಇರುತ್ತದೆ.

ಇಲ್ಲೊಂದು ಸೊಗಸಾದ ತೊಡಕು ಇದೆ. ಇಬ್ಬರು ಬೇರೆ ಬೇರೆ ಉತ್ತರ ಕೊಟ್ಟರೆ ಯಾರದ್ದು ಸರಿ? ತಪ್ಪಾಗಿದೆ ಎಂದು ಗೊತ್ತಾಗುತ್ತದೆ, ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. 1980ರಲ್ಲಿ ಶುರುವಾದ ಸ್ಟ್ರೇಟಸ್ ಕಂಪನಿ ತನ್ನ ಹಳೆಯ ಯಂತ್ರಗಳಲ್ಲಿ ಇದಕ್ಕೆ ಒಂದು ಉಪಾಯ ಮಾಡಿತು. ಒಂದೊಂದು ಬೋರ್ಡ್ ಮೇಲೂ ಎರಡು ಪ್ರೊಸೆಸರ್, ಅಂಥ ಬೋರ್ಡ್ ಎರಡು. ಬೋರ್ಡ್ ಒಳಗಿನ ಇಬ್ಬರಿಗೆ ಜಗಳವಾದರೆ ಇಡೀ ಬೋರ್ಡ್ ತಾನಾಗಿಯೇ ಸುಮ್ಮನಾಗುತ್ತದೆ, ಪಕ್ಕದ ಬೋರ್ಡ್ ಕೆಲಸ ಮುಂದುವರಿಸುತ್ತದೆ. ಯಾರು ಸರಿ ಎಂದು ತೀರ್ಪು ಕೊಡುವ ಅಗತ್ಯವೇ ಬರುವುದಿಲ್ಲ. ಇನ್ನೊಂದು ಉಪಾಯ ಮೂರು ಪ್ರೊಸೆಸರ್ ಇಟ್ಟು ಬಹುಮತ ನೋಡುವುದು.

ಈ ಹೋಲಿಕೆಯಿಂದ ಇನ್ನೊಂದು ಲಾಭವಿದೆ, ಅದು ಎಚ್‌ಎ ಕ್ಲಸ್ಟರ್‌ಗೆ ಸುಲಭವಾಗಿ ಸಿಗದು. ಪ್ರೊಸೆಸರ್ ಸಾಯದೆ, ದೂರು ಹೇಳದೆ, ತಪ್ಪು ಲೆಕ್ಕ ಮಾಡುವುದೂ ಉಂಟು. ಗೂಗಲ್ ಮತ್ತು ಫೇಸ್‌ಬುಕ್ ಎಂಜಿನಿಯರ್‌ಗಳು 2021ರಲ್ಲಿ ತಮ್ಮ ಡೇಟಾ ಸೆಂಟರ್‌ಗಳಲ್ಲಿ ಇಂಥ ಪ್ರೊಸೆಸರ್‌ಗಳನ್ನು ಕಂಡದ್ದನ್ನು ಬರೆದು ತಿಳಿಸಿದರು. ಸಾಮಾನ್ಯ ಕ್ಲಸ್ಟರ್‌ನಲ್ಲಿ ಹಾರ್ಟ್‌ಬೀಟ್ ಚೆನ್ನಾಗಿಯೇ ಬರುತ್ತಿರುತ್ತದೆ. ತಪ್ಪು ಉತ್ತರವೇ ರೆಪ್ಲಿಕಾಗೂ, ಅಂದರೆ ಡೇಟಾದ ಪ್ರತಿ ಇಟ್ಟುಕೊಳ್ಳುವ ಸರ್ವರ್‌ಗೂ, ನಕಲಾಗುತ್ತದೆ. ಲಾಕ್‌ಸ್ಟೆಪ್ ಯಂತ್ರ ಅದನ್ನು ಆಗಲೇ ಹಿಡಿಯುತ್ತದೆ. ಹಣದ ಲೆಕ್ಕ ಇಡುವವರಿಗೆ ಇದು ಸಣ್ಣ ಮಾತಲ್ಲ.

ಎರಡು ದಾರಿಗಳ ನಡುವೆ ಗೋಡೆ ಇದೆ ಅಂದುಕೊಳ್ಳಬೇಡಿ. ಫಾಲ್ಟ್ ಟಾಲರೆಂಟ್ ಎಂದರೆ ಮೊದಲು ನೆನಪಾಗುವ ಹೆಸರು ಟ್ಯಾಂಡಮ್. 1974ರಲ್ಲಿ ಶುರುವಾಗಿ 1976ರಲ್ಲಿ ಮೊದಲ ನಾನ್‌ಸ್ಟಾಪ್ ಯಂತ್ರ ಕೊಟ್ಟ ಕಂಪನಿ ಅದು. ಆ ಮೊದಲ ಯಂತ್ರದಲ್ಲಿ ಲಾಕ್‌ಸ್ಟೆಪ್ ಇರಲಿಲ್ಲ. ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಕೆಲಸ ಮಾಡುತ್ತ, ಆಗಾಗ ತನ್ನ ಸ್ಥಿತಿಯನ್ನು ಬೇರೆ ಪ್ರೊಸೆಸರ್‌ನಲ್ಲಿರುವ ಜೊತೆಗಾರ ಪ್ರೊಸೆಸ್‌ಗೆ ಕಳಿಸುತ್ತಿತ್ತು. ಹಾರ್ಡ್‌ವೇರೂ ಆಪರೇಟಿಂಗ್ ಸಿಸ್ಟಮ್ಮೂ ಒಟ್ಟಿಗೆ ಸೇರಿ ಮಾಡಿದ ಕೆಲಸ ಅದು. ಇವತ್ತಿನ ಕ್ಲಸ್ಟರ್‌ಗಳ ಎಷ್ಟೋ ಯೋಚನೆಗಳು ಅಲ್ಲಿ ಆಗಲೇ ಇದ್ದವು.

ನಡುವಿನ ದಾರಿಯೂ ಒಂದಿದೆ. ವರ್ಚುಯಲ್ ಮೆಷಿನ್ ಸಾಫ್ಟ್‌ವೇರ್ ಮಾಡುವ ವಿಎಂವೇರ್ 2009ರಲ್ಲಿ ಸಾಮಾನ್ಯ ಸರ್ವರ್‌ಗಳ ಮೇಲೆಯೇ ಫಾಲ್ಟ್ ಟಾಲರೆನ್ಸ್ ತಂದಿತು. ಒಂದು ವರ್ಚುಯಲ್ ಮೆಷಿನ್‌ನ ನೆರಳು ಇನ್ನೊಂದು ಹೋಸ್ಟ್‌ನಲ್ಲಿ ಓಡುತ್ತಿರುತ್ತದೆ. ಮೊದಲು ಒಂದೇ ವಿಸಿಪಿಯುಗೆ (ವರ್ಚುಯಲ್ ಪ್ರೊಸೆಸರ್‌ಗೆ) ಸೀಮಿತವಾಗಿತ್ತು, 2015ರ ಆವೃತ್ತಿಯಲ್ಲಿ ನಾಲ್ಕಕ್ಕೆ ಏರಿತು. ಆ ಆವೃತ್ತಿಯಿಂದ ಕೆಲಸ ಮಾಡುವ ಬಗೆಯೂ ಬದಲಾಯಿತು. ಬದಲಾದ ಮೆಮೊರಿಯನ್ನು ಮತ್ತೆ ಮತ್ತೆ ನಕಲು ಮಾಡಿ ಕಳಿಸುತ್ತದೆ, ನಕಲು ತಲುಪಿತು ಎಂದು ಗೊತ್ತಾಗುವ ತನಕ ಹೊರಗೆ ಹೋಗಬೇಕಾದ ಉತ್ತರವನ್ನು ತಡೆದಿಡುತ್ತದೆ. ಹಾಗಾಗಿ ಪ್ರತಿ ಉತ್ತರವೂ ಸ್ವಲ್ಪ ತಡ. ಚಿಕ್ಕ, ಹಳೆಯ, ತಿದ್ದಲಾಗದ ಅಪ್ಲಿಕೇಶನ್‌ಗೆ ಒಳ್ಳೆಯದು. ಜಾಸ್ತಿ ಬರೆಯುವ ದೊಡ್ಡ ಡೇಟಾಬೇಸ್‌ಗೆ ನಾನಂತೂ ಸೂಚಿಸುವುದಿಲ್ಲ.

ಎಫ್‌ಟಿ ಕಾಪಾಡದ ಸಂಗತಿಗಳು

1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿತು. ಅದರ ದಿಕ್ಕು ತಿಳಿಸುವ ಘಟಕಗಳು ಎರಡಿದ್ದವು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂಬ ಏರ್ಪಾಡು. ಎರಡರಲ್ಲೂ ಇದ್ದ ಸಾಫ್ಟ್‌ವೇರ್ ಒಂದೇ. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಮೀಸಲು ಘಟಕ ಮೊದಲು ನಿಂತಿತು. 72 ಮಿಲಿಸೆಕೆಂಡ್ ಆದ ಮೇಲೆ ಕೆಲಸ ಮಾಡುತ್ತಿದ್ದ ಘಟಕವೂ ಅದೇ ಕಾರಣಕ್ಕೆ ನಿಂತಿತು. ರಾಕೆಟ್ ಉಳಿಯಲಿಲ್ಲ.

ಲಾಕ್‌ಸ್ಟೆಪ್ ಯಂತ್ರ ಇದೇ ಕಾರಣಕ್ಕೆ ಸಾಫ್ಟ್‌ವೇರ್ ದೋಷದ ಎದುರು ಏನೂ ಮಾಡಲಾರದು. ಎರಡೂ ಪ್ರೊಸೆಸರ್‌ಗಳು ಅದೇ ದೋಷವನ್ನು ಅದೇ ಕ್ಷಣಕ್ಕೆ, ಸ್ವಲ್ಪವೂ ತಪ್ಪದೆ, ಜೋಡಿಯಾಗಿ ಮಾಡುತ್ತವೆ. ಕ್ಲಸ್ಟರ್‌ನಲ್ಲಿ ಪರಿಸ್ಥಿತಿ ಸ್ವಲ್ಪ ವಾಸಿ. ಎಷ್ಟೋ ದೋಷಗಳು ಎರಡು ಥ್ರೆಡ್‌ಗಳ (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಕೆಲಸಗಳ) ಓಟದ ಹೊಂದಾಣಿಕೆ ತಪ್ಪಿದಾಗ, ಮೆಮೊರಿ ಯಾವುದೋ ಒಂದು ಸ್ಥಿತಿಯಲ್ಲಿದ್ದಾಗ ಮಾತ್ರ ತಲೆ ಎತ್ತುತ್ತವೆ. ಬೇರೆ ನೋಡ್‌ನಲ್ಲಿ ಹೊಸದಾಗಿ ಶುರುವಾದ ಪ್ರೊಸೆಸ್ ಅದೇ ಕೆಲಸವನ್ನು ಮತ್ತೆ ಮಾಡಿದಾಗ ದೋಷ ಕಾಣಿಸುವುದೇ ಇಲ್ಲ.

ಟ್ಯಾಂಡಮ್‌ನಲ್ಲಿದ್ದ ಜಿಮ್ ಗ್ರೇ 1985ರಲ್ಲೇ ಇದನ್ನು ಬರೆದರು. ತಮ್ಮ ಗ್ರಾಹಕರ ಯಂತ್ರಗಳು ಯಾವ ಕಾರಣಕ್ಕೆ ನಿಂತವು ಎಂದು ಅವರು ಎಣಿಸಿದರು. ಸಿಸ್ಟಮ್ ನೋಡಿಕೊಳ್ಳುವ ಕೆಲಸದಿಂದಲೇ ಆದದ್ದು 42%, ಸಾಫ್ಟ್‌ವೇರ್‌ನಿಂದ 25%, ಹಾರ್ಡ್‌ವೇರ್‌ನಿಂದ 18%, ವಿದ್ಯುತ್ತು ಮುಂತಾದ ಹೊರಗಿನ ಕಾರಣಗಳಿಂದ 14%. ಹಾರ್ಡ್‌ವೇರ್ ದೋಷವನ್ನು ನುಂಗಿಕೊಳ್ಳುವ ಯಂತ್ರಗಳ ಲೆಕ್ಕ ಇದು ಎಂಬುದು ನೆನಪಿರಲಿ. ಸಾಮಾನ್ಯ ಸರ್ವರ್‌ನಲ್ಲಿ ಹಾರ್ಡ್‌ವೇರ್ ಪಾಲು ಬೇರೆ ಇರುತ್ತದೆ. ಆದರೆ ಒಂದು ಮಾತು ಗಟ್ಟಿ. ಹಾರ್ಡ್‌ವೇರ್ ಚಿಂತೆ ಕಳೆದ ಮೇಲೆ ಉಳಿಯುವ ದೊಡ್ಡ ಚಿಂತೆ ಮನುಷ್ಯರದು ಮತ್ತು ಸಾಫ್ಟ್‌ವೇರ್‌ನದು. ತಪ್ಪಾದ ಅಪ್‌ಡೇಟ್ ಹಾಕಿದರೆ, ಟೇಬಲ್ ಅಳಿಸಿದರೆ, ಎಫ್‌ಟಿ ಯಂತ್ರ ಅದನ್ನೂ ನಿಷ್ಠೆಯಿಂದ ಎರಡೂ ಕಡೆ ಮಾಡುತ್ತದೆ. ಎಚ್‌ಎ ರೆಪ್ಲಿಕಾ ಕೂಡ ಅಳಿಸಿದ್ದನ್ನು ಹಾಗೇ ನಕಲು ಮಾಡುತ್ತದೆ. ಬ್ಯಾಕಪ್‌ಗೆ ಇವೆರಡೂ ಬದಲಿಯಲ್ಲ.

ಇನ್ನೊಂದು ವಿಷಯ ಪ್ಯಾಚ್, ಅಂದರೆ ಸಾಫ್ಟ್‌ವೇರ್ ದೋಷ ಸರಿಪಡಿಸುವ ಅಪ್‌ಡೇಟ್. ನನ್ನ ಮಟ್ಟಿಗೆ ಹೋಲಿಕೆಯ ತಕ್ಕಡಿ ಹೆಚ್ಚಾಗಿ ವಾಲುವುದು ಇಲ್ಲೇ. ಎಫ್‌ಟಿ ಯಂತ್ರದಲ್ಲಿ ಓಡುವುದು ಒಂದೇ ಆಪರೇಟಿಂಗ್ ಸಿಸ್ಟಂ. ಅದರ ತಿರುಳಾದ ಕರ್ನಲ್ ಅನ್ನು ಅಪ್‌ಡೇಟ್ ಮಾಡಿ ರೀಬೂಟ್ ಮಾಡಬೇಕು ಅಂದರೆ ಕೆಲಸ ನಿಲ್ಲಿಸಲೇಬೇಕು. ತಿಂಗಳಿಗೊಮ್ಮೆ ಹತ್ತು ನಿಮಿಷ ಹಿಡಿದರೂ ವರ್ಷಕ್ಕೆ ಎರಡು ಗಂಟೆ. ಕ್ಲಸ್ಟರ್‌ನಲ್ಲಾದರೆ ಒಂದೊಂದೇ ನೋಡ್ ಬಿಡಿಸಿ, ಅಪ್‌ಡೇಟ್ ಮಾಡಿ, ಮತ್ತೆ ಸೇರಿಸಿಕೊಳ್ಳಬಹುದು. ಹಗಲಲ್ಲೇ ಮಾಡಬಹುದು. ಹಾಗೆಯೇ ಎಫ್‌ಟಿ ಯಂತ್ರ ಇರುವುದು ಒಂದೇ ಕೋಣೆಯಲ್ಲಿ. ಬೆಂಕಿ, ನೀರು, ಕರೆಂಟ್ ಯಾವುದು ಕೈಕೊಟ್ಟರೂ ಜೋಡಿಯ ಎರಡೂ ಭಾಗ ಒಟ್ಟಿಗೆ ಹೋಗುತ್ತವೆ.

ಎಚ್‌ಎ ತರುವ ಅಪಾಯಗಳು

ಇಷ್ಟು ಓದಿ ಕ್ಲಸ್ಟರೇ ಸರಿ ಅನ್ನಿಸಿದರೆ ಇದನ್ನು ನಿಧಾನವಾಗಿ ಓದಿ. ನಾನು ತುಂಬ ನಿದ್ದೆಗೆಟ್ಟಿರುವುದು ಸತ್ತ ಸರ್ವರ್‌ನಿಂದಲ್ಲ, ಅದನ್ನು ಕಾಯಲು ಹಾಕಿದ ಸಾಫ್ಟ್‌ವೇರ್‌ನಿಂದ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಒಂದು ಸಲ ಎರಡು ನೋಡ್‌ಗಳ ಡೇಟಾಬೇಸ್ ಕ್ಲಸ್ಟರ್ ನನ್ನ ಕೈಯಲ್ಲಿತ್ತು. ನಡುವಿನ ಸ್ವಿಚ್ ರೀಬೂಟ್ ಆಯಿತು. ಎರಡೂ ನೋಡ್ ಚೆನ್ನಾಗಿಯೇ ಇದ್ದವು, ಒಂದಕ್ಕೊಂದು ಕಾಣಿಸಲಿಲ್ಲ ಅಷ್ಟೇ. ಎರಡನೆಯದು, ಮೊದಲನೆಯದು ಸತ್ತಿತು ಎಂದುಕೊಂಡು ತಾನೇ ಪ್ರೈಮರಿ ಆಯಿತು. ಮೊದಲನೆಯದು ತನ್ನ ಜಾಗ ಬಿಡಲಿಲ್ಲ. ಅಪ್ಲಿಕೇಶನ್ ಸರ್ವರ್‌ಗಳಲ್ಲಿ ಅರ್ಧ ಇಲ್ಲಿಗೆ ಬರೆದವು, ಅರ್ಧ ಅಲ್ಲಿಗೆ. ಕೆಲವೇ ನಿಮಿಷ. ಒಂದೇ ಕ್ರಮಸಂಖ್ಯೆಯಲ್ಲಿ ಎರಡು ಬೇರೆ ಬೇರೆ ಆರ್ಡರ್‌ಗಳು ಕೂತಿದ್ದವು. ಅವನ್ನು ಒಂದೊಂದಾಗಿ ಬಿಡಿಸಲು ಎರಡು ರಾತ್ರಿ ಹಿಡಿಯಿತು. ಕ್ಲಸ್ಟರ್ ಇಲ್ಲದಿದ್ದರೆ ಆ ಕೆಲವು ನಿಮಿಷ ಸೇವೆ ನಿಂತು ಮತ್ತೆ ಶುರುವಾಗುತ್ತಿತ್ತು, ಅಷ್ಟೇ.

ಇದಕ್ಕೆ ಸ್ಪ್ಲಿಟ್ ಬ್ರೈನ್ ಎಂದು ಹೆಸರು. ತಪ್ಪಿಸಲು ಎರಡು ಸಂಗತಿ ಬೇಕೇ ಬೇಕು. ಒಂದು ಕೋರಮ್. ಬಹುಮತ ಇರುವ ಗುಂಪಿಗೆ ಮಾತ್ರ ಬರೆಯುವ ಹಕ್ಕು. ಎರಡು ನೋಡ್‌ಗಳಲ್ಲಿ ಬಹುಮತ ಅನ್ನುವುದೇ ಇಲ್ಲ, ಹಾಗಾಗಿ ಮೂರನೆಯ ಮತ ಬೇಕು. ಪೂರ್ತಿ ಸರ್ವರ್ ಆಗದಿದ್ದರೆ ಮತ ಹಾಕಲಷ್ಟೇ ಇರುವ ಒಂದು ಚಿಕ್ಕ ಯಂತ್ರವಾದರೂ ಬೇಕು. ಇನ್ನೊಂದು ಫೆನ್ಸಿಂಗ್. ಉತ್ತರ ಕೊಡದ ನೋಡ್ ಸತ್ತಿದೆ ಎಂದು ಊಹಿಸಬಾರದು, ಅದರ ಪವರ್ ಕಡಿದು ಖಚಿತ ಮಾಡಿಕೊಳ್ಳಬೇಕು. ಪೇಸ್‌ಮೇಕರ್ ಎಂಬ ಕ್ಲಸ್ಟರ್ ಸಾಫ್ಟ್‌ವೇರ್ ಬಳಸುವವರು ಇದನ್ನು ಸ್ಟೋನಿತ್ ಅನ್ನುತ್ತಾರೆ. ಸೆಟಪ್ ಮಾಡುವಾಗ ಎರರ್ ಬರುತ್ತದೆ ಎಂದು ಅದನ್ನು ಆಫ್ ಮಾಡುವವರನ್ನು ತುಂಬ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಕೋರಮ್ ಇದ್ದರೂ ಎಲ್ಲ ಮುಗಿಯಲಿಲ್ಲ. 2018ರ ಅಕ್ಟೋಬರ್ 21ರಂದು ಪ್ರೋಗ್ರಾಂಗಳ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ನಿರ್ವಹಣೆಯ ಕೆಲಸ ನಡೆಯುವಾಗ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರ್‌ನ ಸಂಪರ್ಕ 43 ಸೆಕೆಂಡು ಕಡಿಯಿತು. ಫೇಲ್‌ಓವರ್ ಸಾಫ್ಟ್‌ವೇರ್ ತನಗೆ ಹೇಳಿದ್ದನ್ನೇ ಮಾಡಿತು, ಪಶ್ಚಿಮ ಕರಾವಳಿಯ ಮೈಎಸ್‌ಕ್ಯುಎಲ್ ಡೇಟಾಬೇಸ್ ಸರ್ವರ್‌ಗಳನ್ನು ಪ್ರೈಮರಿ ಮಾಡಿತು. ಆದರೆ ಪೂರ್ವದಲ್ಲಿ ಆಗಲೇ ಬರೆದಿದ್ದ ಒಂದಿಷ್ಟು ಡೇಟಾ ಪಶ್ಚಿಮಕ್ಕೆ ತಲುಪಿರಲಿಲ್ಲ. ಎರಡೂ ಕಡೆ ಬೇರೆ ಬೇರೆ ಬರಹ. 43 ಸೆಕೆಂಡಿನ ಕಡಿತದಿಂದಾದ ತೊಂದರೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಡೇಟಾ ಉಳಿಸಿಕೊಳ್ಳುವುದೇ ಮುಖ್ಯ ಎಂದು ಅವರು ಸಮಯ ತೆತ್ತರು. ಸರಿಯಾದ ತೀರ್ಮಾನ ಎಂದೇ ನನ್ನ ಅನಿಸಿಕೆ.

ಇಲ್ಲಿ ಒಳಗಿರುವ ಪ್ರಶ್ನೆ ರೆಪ್ಲಿಕೇಶನ್‌ನದು, ಅಂದರೆ ಡೇಟಾ ನಕಲು ಮಾಡುವ ರೀತಿಯದು. ಅಸಿಂಕ್ ಆದರೆ (ನಕಲು ತಲುಪುವ ತನಕ ಕಾಯದಿದ್ದರೆ) ವೇಗ ಸಿಗುತ್ತದೆ, ಫೇಲ್‌ಓವರ್ ಆದಾಗ ಕೊನೆಯ ಕೆಲವು ಬರಹ ಕಳೆದುಹೋಗಬಹುದು. ಸಿಂಕ್ ಆದರೆ ಏನೂ ಕಳೆಯುವುದಿಲ್ಲ, ಪ್ರತಿ ಬರಹವೂ ಇನ್ನೊಂದು ಕಡೆಯ ಉತ್ತರಕ್ಕೆ ಕಾಯಬೇಕು. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. 100 ಕಿಲೋಮೀಟರ್ ದೂರಕ್ಕೆ ಹೋಗಿ ಬರಲು ಕಡಿಮೆ ಅಂದರೂ ಒಂದು ಮಿಲಿಸೆಕೆಂಡು. ಸಾವಿರ ಕಿಲೋಮೀಟರ್ ಆದರೆ ಹತ್ತು. ಯಾವ ಸಾಫ್ಟ್‌ವೇರೂ ಇದನ್ನು ಕಡಿಮೆ ಮಾಡಲಾರದು.

ಯಾರಿಗೆ ಯಾವುದು

ವೆಬ್ ಸರ್ವರ್, ಎಪಿಐ (ಬೇರೆ ಪ್ರೋಗ್ರಾಂಗಳಿಗೆ ಉತ್ತರ ಕೊಡುವ ಸೇವೆ), ತನ್ನಲ್ಲಿ ಏನೂ ಇಟ್ಟುಕೊಳ್ಳದ ಸೇವೆಗಳು: ಎಚ್‌ಎ. ಮುಂದೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸರ್, ಹಿಂದೆ ಎರಡು ಮೂರು ಸರ್ವರ್. ಯೋಚಿಸುವ ಅಗತ್ಯವೇ ಇಲ್ಲ.

ಡೇಟಾಬೇಸ್: ನಿಮ್ಮ ಜೊತೆ ಅದನ್ನು ಬಲ್ಲ ಒಬ್ಬರಾದರೂ ಇದ್ದರೆ ಮೂರು ನೋಡ್, ಹತ್ತಿರದಲ್ಲೇ ಒಂದು ಸಿಂಕ್ ರೆಪ್ಲಿಕಾ, ದೂರದಲ್ಲಿ ಒಂದು ಅಸಿಂಕ್. ಬಲ್ಲವರು ಯಾರೂ ಇಲ್ಲದಿದ್ದರೆ ಕ್ಲಸ್ಟರ್ ಕಟ್ಟುವ ಮುನ್ನ ಅಳೆದು ತೂಗಿ ನೋಡಿ. ಅರ್ಧ ತಿಳಿದು ಕಟ್ಟಿದ ಕ್ಲಸ್ಟರ್‌ಗಿಂತ ತಪ್ಪು ತಿದ್ದಿಕೊಳ್ಳುವ ಇಸಿಸಿ ಮೆಮೊರಿ, ಜೋಡಿ ಪವರ್ ಸಪ್ಲೈ, ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ರೇಡ್ ಡಿಸ್ಕ್ ಇರುವ ಒಂದೇ ಒಳ್ಳೆಯ ಸರ್ವರ್, ಜೊತೆಗೆ ಮರಳಿ ಹಾಕಿ ನೋಡಿದ ಬ್ಯಾಕಪ್ ಎಷ್ಟೋ ಮೇಲು.

ಎಫ್‌ಟಿ ಯಂತ್ರಕ್ಕೆ ನಿಜವಾದ ಜಾಗ ಬೇರೆ ಇದೆ. ಇಪ್ಪತ್ತು ವರ್ಷ ಹಿಂದೆ ಬರೆದ ಕಂಟ್ರೋಲ್ ಸಾಫ್ಟ್‌ವೇರ್. ಬರೆದವರು ಈಗಿಲ್ಲ, ಕ್ಲಸ್ಟರ್‌ಗೆ ಹೊಂದಿಸಲು ಬರುವುದಿಲ್ಲ, ಸ್ಥಿತಿಯೆಲ್ಲ ಮೆಮೊರಿಯಲ್ಲೇ ಇದೆ. ಯಂತ್ರ ಇರುವುದು ನೀರಿನ ಪಂಪ್ ಸ್ಟೇಷನ್ನಿನಲ್ಲೋ ಪೈಪ್‌ಲೈನ್ ಪಕ್ಕದಲ್ಲೋ, ಹತ್ತಿರ ಐಟಿಯವರು ಯಾರೂ ಇಲ್ಲ. ಅಲ್ಲಿ ಎಫ್‌ಟಿ ತನ್ನ ಬೆಲೆಯನ್ನು ಸಲೀಸಾಗಿ ತೀರಿಸುತ್ತದೆ. ಅಪ್ಲಿಕೇಶನ್‌ನ ಒಂದು ಸಾಲನ್ನೂ ಮುಟ್ಟಬೇಕಿಲ್ಲ. ಕೆಟ್ಟ ಭಾಗದ ಮೇಲೆ ದೀಪ ಹತ್ತುತ್ತದೆ, ಅಲ್ಲಿರುವ ಯಾರಾದರೂ ಅದನ್ನು ಎಳೆದು ಹೊಸದು ಹಾಕಬಹುದು.

ಬೆಲೆ ಹೋಲಿಸುವಾಗ ಯಂತ್ರದ ಬೆಲೆಯನ್ನಷ್ಟೇ ನೋಡಬೇಡಿ. ಎಫ್‌ಟಿ ಯಂತ್ರ ದುಬಾರಿ, ಒಂದೇ ಕಂಪನಿಯ ಬಿಡಿಭಾಗಕ್ಕೆ ಕಟ್ಟುಬೀಳುತ್ತೀರಿ. ಎಚ್‌ಎಗೆ ಯಂತ್ರ ಅಗ್ಗ, ಆದರೆ ಎರಡನೆಯ ನೋಡ್‌ಗೂ ಡೇಟಾಬೇಸ್ ಲೈಸೆನ್ಸ್ ಬೇಕಾಗಬಹುದು. ಎಷ್ಟೋ ಸಲ ಅದೇ ಯಂತ್ರದ ಬೆಲೆಯನ್ನು ಮೀರುತ್ತದೆ. ಅದರ ಮೇಲೆ, ನೋಡಿಕೊಳ್ಳುವ ಜನರ ಸಮಯ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ

ಪವರ್ ಕೇಬಲ್ ಕಿತ್ತು ತೋರಿಸುವುದು ಎಲ್ಲರಿಗೂ ಬರುತ್ತದೆ. ಅದು ತೀರ ಸುಲಭದ ಸಾವು. ನಿಜ ಜೀವನದಲ್ಲಿ ಸರ್ವರ್ ಅರ್ಧ ಸಾಯುತ್ತದೆ. ಹಾಗಾಗಿ ಕ್ಲಸ್ಟರ್ ಆದರೆ ಡೇಟಾಬೇಸ್ ಪ್ರೊಸೆಸ್ ಅನ್ನು ಕೊಲ್ಲದೆ ಸ್ಟಾಪ್ ಸಿಗ್ನಲ್ ಕಳಿಸಿ ಹೆಪ್ಪುಗಟ್ಟಿಸಿ. ಡಿಸ್ಕ್ ಪೂರ್ತಿ ತುಂಬಿಸಿ. ನೆಟ್‌ವರ್ಕ್‌ನಲ್ಲಿ ಹತ್ತರಲ್ಲಿ ಮೂರು ಪ್ಯಾಕೆಟ್ ಬೀಳಿಸಿ. ಹಾರ್ಟ್‌ಬೀಟ್ ಹೋಗುವ ತಂತಿಯನ್ನು ಮಾತ್ರ ಕೀಳಿ. ಇದೆಲ್ಲ ಮಾಡುವಾಗ ಪಕ್ಕದಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಸೆಕೆಂಡಿಗೊಂದು ಸಂಖ್ಯೆಯನ್ನು ಬರೆಯುತ್ತಿರಲಿ. ಬರೆದಾಯಿತು ಎಂದು ಉತ್ತರ ಬಂದ ಪ್ರತಿ ಸಂಖ್ಯೆಯೂ ಕೊನೆಗೆ ಡೇಟಾಬೇಸ್‌ನಲ್ಲಿ ಇದೆಯೇ ಎಂದು ಎಣಿಸಿ. ಎಷ್ಟು ಹೊತ್ತು ನಿಂತಿತು, ಎಷ್ಟು ಕಳೆಯಿತು, ಎರಡೂ ಅಲ್ಲೇ ಗೊತ್ತಾಗುತ್ತದೆ.

ಎಫ್‌ಟಿ ಯಂತ್ರ ಆದರೆ, ನಿಮ್ಮದೇ ಅಪ್ಲಿಕೇಶನ್ ಪೂರ್ತಿ ಭಾರದಲ್ಲಿ ಓಡುವಾಗ ಒಂದು ಭಾಗವನ್ನು ಎಳೆಯಿರಿ. ಅದು ನಿಲ್ಲುವುದಿಲ್ಲ, ಸರಿ. ಆಮೇಲೆ ಭಾಗವನ್ನು ಮತ್ತೆ ಹಾಕಿ, ಮೆಮೊರಿ ಮತ್ತು ಡಿಸ್ಕ್ ಮತ್ತೆ ಸರಿಸಮವಾಗಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದಿಡಿ. ಅಷ್ಟು ಹೊತ್ತೂ ನಿಮ್ಮ ಬಳಿ ಇರುವುದು ಜೋಡಿಯಿಲ್ಲದ ಒಂದೇ ಯಂತ್ರ. ಆಗ ಅಪ್ಲಿಕೇಶನ್ ಎಷ್ಟು ನಿಧಾನವಾಯಿತು ಎಂಬುದನ್ನೂ ಬರೆದಿಡಿ. ಹೊಸ ಭಾಗ ಕೈಸೇರಲು ಎಷ್ಟು ದಿನ ಬೇಕು ಎಂದು ಕಂಪನಿಯವರಿಂದ ಲಿಖಿತವಾಗಿ ತೆಗೆದುಕೊಳ್ಳಿ. ಅಷ್ಟು ದಿನವೂ ಜೋಡಿ ಇಲ್ಲದೆಯೇ ಕಳೆಯಬೇಕು.